ನಾಲ್ಕು ಗಾಜಿಗೆ ಒಂದೇ ಹಿಡಿ

ಕಾರಿಗೆ ಬಾಗಿಲು ನಾಲ್ಕು, ಗಾಜು ನಾಲ್ಕು,
ಏರಿಸಿ ಇಳಿಸುವ ಹಿಡಿ ಮಾತ್ರ ಒಂದು.
ಅಡಿಸ್ ಅಬಾಬದ ನೀಲಿ-ಬಿಳಿ ಲಾಡಾಗಳಲ್ಲಿ
ಇದೇನು ಹೊಸ ಸುದ್ದಿಯಲ್ಲ.
ಸೆಕೆಯಾದವರು ಹಿಂದಿನಿಂದ ಕೈ ಚಾಚುತ್ತಾರೆ,
ಗೇರಿನ ಪಕ್ಕದಿಂದ ತೆಗೆದು ಕೊಡುತ್ತೇನೆ,
ಸಿಕ್ಕಿಸಿ, ತಿರುವಿ, ಒಂದಿಷ್ಟು ಗಾಳಿ ಕುಡಿಯುತ್ತಾರೆ.
ಪಕ್ಕದಲ್ಲಿ ಕೂತ ಮುದುಕಿಗೆ ಗಾಳಿಯೆಂದರೆ ಸಾವು.
ಹಿಡಿ ಈಗ ಅವಳ ಕೈಗೆ.
ಹೀಗೆ ಮೆಕ್ಸಿಕೊ ಚೌಕದಿಂದ ಪಿಯಾಸಾದವರೆಗೆ
ಒಂದು ಕಬ್ಬಿಣದ ತುಂಡು
ಪಂಚಾಯಿತಿ ಮಾಡುತ್ತಾ ಬರುತ್ತದೆ.

ಮಂಗಳವಾರ ಯಾರೋ ಅದನ್ನು ಜೇಬಿಗಿಳಿಸಿದರು.
ಮರೆತೋ, ಬೇಕೆಂದೋ.
ಹಿಂದಿನ ಎಡಗಾಜು ಅರ್ಧಕ್ಕೆ ನಿಂತಿತು.
ಇಕ್ಕಳ ಹಾಕಿ ತಿರುವಿದೆ,
ಹಲ್ಲು ಸವೆಯಿತೇ ಹೊರತು ಗಾಜು ಕದಲಲಿಲ್ಲ.
ಬುಧವಾರ ವಕೀಲೆ ಅರೆಗಾಶ್,
'ವೆಂಡ್ವೊಸೆನ್, ನಿನ್ನ ಕಾರು
ಕಣ್ಣು ಮುಚ್ಚಿಸುವವರಿಲ್ಲದೆ ಸತ್ತವನ ಹಾಗಿದೆ'
ಎಂದು ಇಳಿದು ಹೋದಳು, ಚಿಲ್ಲರೆ ಕೇಳದೆ.

ಮರ್ಕಾತೋದ ಸೊಮಾಲಿ ತೆರಾ.
ಇಲ್ಲಿ ಕಾರುಗಳು ಬಿಡಿಬಿಡಿಯಾಗಿ ಬದುಕುತ್ತವೆ.
ಒಂದು ಗೋಡೆಯ ತುಂಬ ಪಕ್ಕದ ಕನ್ನಡಿಗಳು,
ಎಲ್ಲದರಲ್ಲೂ ನಾನು, ಎಲ್ಲದರಲ್ಲೂ ಸಣ್ಣಗೆ.

ಶಿಕೂರ್ ಹೇಳಿದ: 'ಹಿಡಿಯೊಂದೇ ಯಾಕೆ? ಬಾಗಿಲೇ ಒಯ್ಯಿ,
ಹಿಡಿ ಅದರಲ್ಲೇ ಇದೆ.' ಎಂಟು ಸಾವಿರ ಬಿರ್.
ಬಾಗಿಲು ಕೆಂಪು.
ಎದುರು ಅಂಗಡಿಯವ ಟೊಯೊಟಾದ್ದೊಂದು ಕೊಟ್ಟ,
'ಸ್ವಲ್ಪ ಉಜ್ಜಿದರೆ ಕೂರುತ್ತದೆ.'
ಈ ಪೇಟೆಯಲ್ಲಿ 'ಸ್ವಲ್ಪ'ಕ್ಕೆ ಅಳತೆಗೋಲಿಲ್ಲ.
ಆಚೆ, ಪೊಟ್ಟಣದೊಳಗೆ ಮಿರಿಮಿರಿ ಹೊಸ ಪ್ಲಾಸ್ಟಿಕ್ಕು,
ನನ್ನ ಪ್ರಯಾಣಿಕರ ಕೈಯಲ್ಲಿ ಅದಕ್ಕೆ ಆಯಸ್ಸು ಎರಡು ದಿನ.
ಇಟಲಿಯ ಗಾಡಿಗಳನ್ನೇ ಬಿಚ್ಚಿ ಬೆಳೆದ ಮುದುಕನೊಬ್ಬ,
'ಲಾಡಾ ಅಂದರೆ ಫಿಯೆಟ್ಟಿನ ಮಗಳಲ್ಲವೆ?
ತಾಯಿಯ ಬಳೆ ಮಗಳಿಗೆ ಆಗಲೇಬೇಕು'
ಎಂದು ಡಬ್ಬ ಪೂರ್ತಿ ಸುರಿದ, ಕೆದಕಿದ,
ಗಂಟೆ ಕಳೆದ ಮೇಲೆ
ಕನ್ನಡಕ ಮನೆಯಲ್ಲಿದೆ, ನಾಳೆ ಬಾ ಎಂದ.

ಬೆದ್ರಿಯಾಳ ಗೂಡಂಗಡಿ ಕೊನೆಯ ಸಂದಿನಲ್ಲಿ.
ತಗಡಿನ ತಟ್ಟೆಯಲ್ಲಿ ಸ್ಪ್ರಿಂಗು, ಗುಂಡಿ, ಚಿಲಕ,
ಅವುಗಳ ನಡುವೆ
ಹಸಿರು ಉಣ್ಣೆ ಸುತ್ತಿದ ಹಿಡಿ.
ಮೂರು ಸುತ್ತು, ಒಂದು ಗಂಟು.
ಮಗಳು ಮಸ್ತೆವಾಲ್ ಏಳನೇ ತರಗತಿಯಲ್ಲಿ
ಸ್ವೆಟರ್ ಹೆಣೆಯ ಹೊರಟು
ಎಡತೋಳಿಗೇ ಬೇಸತ್ತು ಬಿಟ್ಟ ಉಣ್ಣೆ ಅದು.

'ನನ್ನದು' ಎನ್ನಲು ಬಾಯಿ ತೆರೆದೆ, ಮುಚ್ಚಿದೆ.
ಹಾಗೆಂದವನಿಗೆ ಇಲ್ಲಿ ಬೆಲೆ ಇಮ್ಮಡಿ.
'ಎಷ್ಟು?'
'ಮುನ್ನೂರು. ಅಸಲಿ ರಷ್ಯದ್ದು.'
'ಉಣ್ಣೆ ಜಿಡ್ಡಾಗಿದೆ.'
'ಉಣ್ಣೆಗೇ ಐವತ್ತು. ಯಾರೋ ಅಕ್ಕರೆಯಿಂದ ಸುತ್ತಿದ್ದು, ನೋಡು.'
'ಗಂಟು ಹಾಕಲು ಬಾರದವರು' ಎಂದೆ.
ಮಗಳನ್ನು ಹಳಿಯುತ್ತ ಹಳಿಯುತ್ತ
ಇನ್ನೂರಕ್ಕೆ ಇಳಿಸಿದೆ.
ಇದರ ಕೊರೆ ನನ್ನಷ್ಟು ಬಲ್ಲವರು ಯಾರು?
ತಿರುವುವಾಗ ಕಿರುಗುಟ್ಟುತ್ತದೆ ಅಂದೆ,
ಅವಳು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದಳು.
ತಿರುವಿ ನೋಡಿರಲಿಲ್ಲ ನಾನಿನ್ನೂ.

ತಂದವರು ಯಾರೆಂದು ಕೇಳಿದೆ, ನೋಟು ಎಣಿಸುತ್ತ.
'ಒಂದು ಕೈ ತಂದಿತು' ಎಂದಳು,
'ಇನ್ನೊಂದು ಕೈ ಒಯ್ಯುತ್ತಿದೆ.'
ಕಾಫಿ ಬಗ್ಗಿಸಿ ಕೊಟ್ಟಳು. ಅದಕ್ಕೆ ಕಾಸು ಕೇಳಲಿಲ್ಲ.

ಮನೆಯಲ್ಲಿ ಮಸ್ತೆವಾಲ್: 'ಸರಪಳಿ ಹಾಕಿ ಕಟ್ಟು.'
ಹಿಂದಿನ ಬಲಗಾಜಿಗೂ ಎಟಕುವ ಸರಪಳಿ ಎಂದರೆ
ಹತ್ತಿಳಿಯುವವರೆಲ್ಲ ಎಡವಿ ಬೀಳಬೇಕು.

ಮಾರನೆಯ ದಿನ ಬಂಬಿಸ್ ಹತ್ತಿರ ಹತ್ತಿದ ಹುಡುಗ,
ತೊಡೆಯ ಮೇಲೆ ಮೊಟ್ಟೆಯ ತಟ್ಟೆ, ಹಣೆ ತುಂಬ ಬೆವರು,
'ಗಾಜು...' ಎಂದ.
ಹಿಂದಕ್ಕೆ ತಿರುಗದೆ ಕೈ ನೀಡಿದೆ.
'ಹಿಡಿ' ಎಂದೆ.
ಆಮೇಲೆ ದಾರಿಯುದ್ದಕ್ಕೂ
ರಸ್ತೆಗಿಂತ ಹೆಚ್ಚು ಕನ್ನಡಿಯನ್ನೇ ನೋಡುತ್ತ
ಎರಡು ಸಲ ತಪ್ಪು ತಿರುವು ತೆಗೆದುಕೊಂಡೆ.